ಎಲ್ಲಿ ಹೇಳಿದ್ದು, ಯಾವಾಗ ಹೇಳಿದ್ದು? ಮಂಡ್ಯದ ಒಂದು ಟಿವಿ ನಗೆಯ ಪ್ರಕರಣ

2019ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ ಟಿವಿ ಕ್ಯಾಮೆರಾಗಳೆಲ್ಲ ಮಂಡ್ಯಕ್ಕೆ ಬಂದು ಠಿಕಾಣಿ ಹೂಡಿದ್ದವು. ಒಂದು ಕಡೆ ನಿಖಿಲ್ ಕುಮಾರಸ್ವಾಮಿ. ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರ ಮಗ, ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರ ಮೊಮ್ಮಗ. ಜೆಡಿಎಸ್ ಅಭ್ಯರ್ಥಿ, ಮೈತ್ರಿ ಪಕ್ಷ ಕಾಂಗ್ರೆಸ್ಸಿನ ಬೆಂಬಲವೂ ಇತ್ತು. ಇನ್ನೊಂದು ಕಡೆ ಪಕ್ಷೇತರರಾಗಿ ನಿಂತ ಸುಮಲತಾ ಅಂಬರೀಶ್, ನಟ ಅಂಬರೀಶ್ ಅವರ ಪತ್ನಿ. ಅವರಿಗೆ ಬಿಜೆಪಿ ಬೆಂಬಲ. ಏಪ್ರಿಲ್ 18ಕ್ಕೆ ಮತದಾನ, ಮೇ 23ಕ್ಕೆ ಎಣಿಕೆ. ಸುಮಲತಾ 1,25,876 ಮತಗಳ ಅಂತರದಿಂದ ಗೆದ್ದರು.

ಈ ಅಂಕಿ ಇವತ್ತು ಎಷ್ಟು ಜನಕ್ಕೆ ನೆನಪಿದೆ? ಆ ಚುನಾವಣೆ ಅಂದ ಕೂಡಲೇ ಬಾಯಿಗೆ ಬರುವುದು ಒಂದೇ ಮಾತು: ‘ನಿಖಿಲ್ ಎಲ್ಲಿದ್ದೀಯಪ್ಪಾ?’ ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಶಾಲೆಯ ಬಯಲಿನಲ್ಲಿ, ಎಲ್ಲ ಕಡೆ ಅದನ್ನೇ ಕೂಗಿ ನಕ್ಕಿದ್ದಾಯಿತು. ರಾಜಕೀಯ ಗೊತ್ತಿಲ್ಲದ ಮಕ್ಕಳೂ ಕೂಗಿದರು.

ನಾನು ಮೈಸೂರಿನಲ್ಲಿ ಪತ್ರಿಕೋದ್ಯಮ ಪಾಠ ಮಾಡುವವನು. ಟಿವಿಯ ರಾಜಕೀಯ ನಗೆ ನಾಯಕರ ಬಗ್ಗೆ ಎಂಥ ಕಥೆ ಕಟ್ಟುತ್ತದೆ ಅಂತ ತೋರಿಸಲು, ಪಕ್ಕದ ಜಿಲ್ಲೆಯಲ್ಲೇ ನಡೆದ ಈ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆ ನಗೆ ಯಾರನ್ನೂ ಸೋಲಿಸಲಿಲ್ಲ. ಆದರೆ ಸೋಲು ಹೇಗಾಯಿತು ಅನ್ನುವ ಕಥೆಯನ್ನು ಮಾತ್ರ ಅದೇ ಬರೆಯಿತು.

ಮೂಲದಲ್ಲಿ ಇದ್ದದ್ದು

ಆ ಮಾತಿಗೂ ಚುನಾವಣೆಗೂ ಸಂಬಂಧವೇ ಇರಲಿಲ್ಲ. ಅದು 2016ರದು. ನಿಖಿಲ್ ಅವರ ಮೊದಲ ಸಿನಿಮಾ ‘ಜಾಗ್ವಾರ್’ ಬಿಡುಗಡೆಗೆ ಸಿದ್ಧವಾಗಿತ್ತು. ಅದರ ಹಾಡುಗಳ ಬಿಡುಗಡೆ ಸಮಾರಂಭದಲ್ಲಿ ಅಪ್ಪ ವೇದಿಕೆಯಿಂದ ಮಗನನ್ನು ಕರೆಯುತ್ತಾರೆ. ಮಗ ಜನರ ನಡುವಿನಿಂದ ಉತ್ತರ ಕೊಡುತ್ತಾರೆ. ಹೊಸ ಹೀರೋನನ್ನು ಅಭಿಮಾನಿಗಳ ಮುಂದೆ ತರಲು ಮಾಡಿಕೊಂಡ ಒಂದು ಸಣ್ಣ ನಾಟಕೀಯ ಏರ್ಪಾಡು, ಅಷ್ಟೇ. ಸಿನಿಮಾ ಸಮಾರಂಭಗಳಲ್ಲಿ ಇದು ಮಾಮೂಲಿ. ಆವತ್ತು ಯಾರೂ ಅದನ್ನು ವಿಚಿತ್ರ ಅಂತ ಎತ್ತಿ ತೋರಿಸಲಿಲ್ಲ.

ಎರಡೂವರೆ ವರ್ಷ ಆ ವಿಡಿಯೋ ಸುಮ್ನೆ ಬಿದ್ದಿತ್ತು. 2019ರಲ್ಲಿ ನಿಖಿಲ್ ಮಂಡ್ಯದ ಅಭ್ಯರ್ಥಿ ಅಂತ ಆದ ಮೇಲೆ ಯಾರೋ ಅದನ್ನು ಹೊರಗೆ ತೆಗೆದರು. ವಾಟ್ಸಾಪ್, ಫೇಸ್‌ಬುಕ್, ಟಿಕ್‌ಟಾಕ್‌ನಲ್ಲಿ ಹರಿದಾಡಿತು. ಅಲ್ಲಿಂದ ಸುದ್ದಿ ಚಾನೆಲ್‌ಗಳಿಗೆ ಬಂತು. ಈ ಎರಡನೇ ಹೆಜ್ಜೆಯೇ ಮುಖ್ಯ. ಫೋನಿನಲ್ಲಿ ನೋಡಿದ್ದನ್ನು ಜನ ತಮಾಷೆ ಅಂತ ನೋಡುತ್ತಾರೆ. ಅದೇ ತುಣುಕು ರಾತ್ರಿ ಒಂಬತ್ತರ ಬುಲೆಟಿನ್‌ನಲ್ಲಿ, ಚಾನೆಲ್ ಲೋಗೋ ಹಾಕಿಕೊಂಡು ಬಂದರೆ ಸುದ್ದಿಯಾಗಿಬಿಡುತ್ತದೆ. ಊಟ ಮಾಡುತ್ತಾ ಮನೆಯವರೆಲ್ಲ ಒಟ್ಟಿಗೆ ನೋಡುತ್ತಾರೆ, ಒಟ್ಟಿಗೆ ನಗುತ್ತಾರೆ. ಫೋನ್ ಇಲ್ಲದ ಅಜ್ಜಿಗೂ ಅದು ತಲುಪುತ್ತದೆ.

ಚಾನೆಲ್‌ಗಳು ಬರೀ ತುಣುಕು ಹಾಕಿ ಸುಮ್ಮನಾಗಲಿಲ್ಲ. ಎಡಿಟ್ ಡೆಸ್ಕಿನಲ್ಲಿ ಒಂದು ಪದ್ಧತಿ ಇದೆ. ನಾಯಕರ ನಿಜವಾದ ಫುಟೇಜ್ ತೆಗೆದುಕೊಳ್ಳುವುದು, ನಡುವೆ ಹಳೇ ಸಿನಿಮಾದ ಒಂದು ಹಾಸ್ಯ ದೃಶ್ಯ ಸೇರಿಸುವುದು, ಹಿಂದೆ ಒಂದು ಹಾಡು, ಮೇಲೊಂದು ಕೆಣಕುವ ವಾಯ್ಸ್ ಓವರ್. ನಾಯಕರು ನಡೆದು ಬಂದರೆ ಒಂದು ಹಾಡು, ಸಿಟ್ಟಾದರೆ ಇನ್ನೊಂದು. ಎರಡು ನಿಮಿಷದ ಪ್ಯಾಕೇಜ್ ಸಿದ್ಧ. ಇದನ್ನು ದಿನಕ್ಕೆ ಹಲವು ಸಲ ತಿರುಗಿಸಿ ಹಾಕುತ್ತಾರೆ. ಪ್ರತಿ ಸಲ ಹಾಕಿದಾಗಲೂ ಮೂಲದಿಂದ ಏನೋ ಒಂದು ಉದುರಿ ಹೋಗುತ್ತದೆ. ಮೊದಲು ಮಗನ ಉತ್ತರ ಹೋಯಿತು. ಆಮೇಲೆ ಸಿನಿಮಾ ಸಮಾರಂಭದ ಬ್ಯಾನರ್ ಫ್ರೇಮಿನಿಂದ ಹೊರಗೆ ಹೋಯಿತು. ವರ್ಷವೂ ಹೋಯಿತು. ಕೊನೆಗೆ ಉಳಿದದ್ದು ಮಗನಿಗಾಗಿ ಹುಡುಕುತ್ತಿರುವ ಒಬ್ಬ ಅಪ್ಪ, ಕಾಣದ ಒಬ್ಬ ಮಗ.

ಇಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಈ ತುಣುಕು ಯಾಕೆ ಅಷ್ಟು ಗಟ್ಟಿಯಾಗಿ ಅಂಟಿಕೊಂಡಿತು? ಅದಕ್ಕೆ ಮೊದಲೇ ಜಾಗ ಸಿದ್ಧವಾಗಿತ್ತು. 2018ರ ಜುಲೈಯಲ್ಲಿ ಕುಮಾರಸ್ವಾಮಿಯವರು ಪಕ್ಷದ ಸಭೆಯಲ್ಲಿ ಕಣ್ಣೀರು ಹಾಕಿ, ಮೈತ್ರಿ ಸರ್ಕಾರದ ವಿಷ ನುಂಗಿಕೊಂಡು ವಿಷಕಂಠನ ಹಾಗೆ ಇದ್ದೇನೆ ಅಂದಿದ್ದರು. ಚಾನೆಲ್‌ಗಳು ಅದನ್ನು ತಿಂಗಳುಗಟ್ಟಲೆ ತೋರಿಸಿದ್ದವು. ಇದು ಭಾವುಕ ಕುಟುಂಬ, ಅಪ್ಪ ಮಗ ಮೊಮ್ಮಗ ಎಲ್ಲ ಒಂದೇ ಗುಂಪು ಅನ್ನುವ ಚಿತ್ರ ಮನಸ್ಸಿನಲ್ಲಿ ಕೂತಿತ್ತು. ಹೊಸ ತುಣುಕು ಅದಕ್ಕೆ ಸರಿಯಾಗಿ ಹೊಂದಿಕೊಂಡಿತು. ಜನ ಆಗಲೇ ಅರ್ಧ ನಂಬಿರುವುದನ್ನು ವಿಡಂಬನೆ ಪೂರ್ತಿ ಮಾಡಿಕೊಡುತ್ತದೆ. ಇಲ್ಲದ ನಂಬಿಕೆಯನ್ನು ಅದು ಹುಟ್ಟಿಸುವುದು ಕಷ್ಟ.

ಕಣ್ಣಾರೆ ನೋಡಿದವರು

ಒಮ್ಮೆ ಮಂಡ್ಯದ ಸಕ್ಕರೆ ಕಾರ್ಖಾನೆ ಕಡೆಯ ಒಂದು ಟೀ ಅಂಗಡಿಯಲ್ಲಿ ಕಬ್ಬು ಬೆಳೆಗಾರರೊಬ್ಬರ ಜೊತೆ ಮಾತಾಡುತ್ತಿದ್ದೆ. ಆ ಮಾತು ಬಂತು.

“ಅದನ್ನ ಎಲ್ಲಿ ಹೇಳಿದ್ದು ಯಜಮಾನ್ರೆ, ನೆನಪಿದ್ಯಾ?” ಅಂತ ಕೇಳಿದೆ.

“ಇನ್ನೆಲ್ಲಿ ಸಾ? ನಾಮಪತ್ರ ಹಾಕಿದ್ ದಿನ. ಮಗ ಸ್ಟೇಜ್ ಮ್ಯಾಲೆ ಕಾಣ್ನಿಲ್ಲ. ಅಪ್ಪ ಮೈಕ್‌ನಲ್ಲಿ ಕೂಗುದ್ರು.”

“ನೀವು ಆವತ್ತು ಅಲ್ಲಿದ್ರಾ?”

“ಇದ್ದೆ ಕಣ್ ಸಾ. ಕಣ್ಣಾರೆ ನೋಡಿವ್ನಿ.”

ಅವರು ಸುಳ್ಳು ಹೇಳುತ್ತಿರಲಿಲ್ಲ. ನಾಮಪತ್ರದ ಮೆರವಣಿಗೆಗೆ ಹೋಗಿದ್ದು ನಿಜ. ಟಿವಿಯಲ್ಲಿ ಆ ತುಣುಕನ್ನು ನೂರಾರು ಸಲ ನೋಡಿದ್ದೂ ನಿಜ. ಎರಡೂ ಒಂದರೊಳಗೊಂದು ಸೇರಿಹೋಗಿದ್ದವು. ಆಮೇಲೆ ಮೈಸೂರಿನಲ್ಲಿ, ಮಂಡ್ಯದಲ್ಲಿ ಬೇರೆ ಬೇರೆಯವರನ್ನು ಕೇಳುತ್ತಾ ಹೋದೆ. ಪ್ರಚಾರ ಸಭೆಯಲ್ಲಿ ಅಂದವರು ಇದ್ದರು. ಸೋತ ಮೇಲೆ ಅಪ್ಪ ಹುಡುಕಿದ್ದು ಅಂದವರೂ ಇದ್ದರು. ಸಿನಿಮಾ ಸಮಾರಂಭ ಅಂತ ಸರಿಯಾಗಿ ಹೇಳಿದವರು ತೀರಾ ಕಡಿಮೆ.

ಹೊರಗಿನ ದೇಶಗಳಲ್ಲೂ ಇದೇ ಆಗಿದೆ. 2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಹುದ್ದೆಗೆ ನಿಂತಿದ್ದ ಸಾರಾ ಪೇಲಿನ್, ಅಲಾಸ್ಕಾದ ಒಂದು ದ್ವೀಪದಿಂದ ರಷ್ಯಾ ಕಾಣುತ್ತದೆ ಅಂತ ಸಂದರ್ಶನವೊಂದರಲ್ಲಿ ಹೇಳಿದರು. ಅದು ಭೂಗೋಳದ ನಿಜ. ಎರಡೇ ದಿನಕ್ಕೆ ‘ಸ್ಯಾಟರ್ಡೇ ನೈಟ್ ಲೈವ್’ ಅನ್ನುವ ಟಿವಿ ಹಾಸ್ಯ ಕಾರ್ಯಕ್ರಮದಲ್ಲಿ ನಟಿ ಟೀನಾ ಫೇ, ಪೇಲಿನ್ ಅವರ ವೇಷ ಹಾಕಿಕೊಂಡು, ನಮ್ಮ ಮನೆಯಿಂದಲೇ ರಷ್ಯಾ ಕಾಣುತ್ತೆ ಅಂದರು. ಇವತ್ತಿಗೂ ಲೆಕ್ಕವಿಲ್ಲದಷ್ಟು ಜನ ಆ ಮಾತನ್ನು ಪೇಲಿನ್ ಹೇಳಿದ್ದು ಅಂತಲೇ ನಂಬಿದ್ದಾರೆ. ಅದಕ್ಕೂ ಹಿಂದಿನ ಕಥೆ ಆಗಿನ ಅಮೆರಿಕ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರದು. 1975ರ ಜೂನ್‌ನಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ವಿಮಾನದ ಮೆಟ್ಟಿಲಿನಿಂದ ಜಾರಿದರು. ಅದೇ ವರ್ಷ ಶುರುವಾದ ಅದೇ ಕಾರ್ಯಕ್ರಮದಲ್ಲಿ ನಟ ಚೆವಿ ಚೇಸ್ ಫೋರ್ಡ್ ಅವರನ್ನು ಅಣಕಿಸುತ್ತಾ ಮತ್ತೆ ಮತ್ತೆ ಬಿದ್ದು ತೋರಿಸಿದರು. ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದಲ್ಲಿ ಆಡಿದ್ದ, ಮೈಕಟ್ಟು ಇದ್ದ ಮನುಷ್ಯ ‘ಎಡವುವ ಅಧ್ಯಕ್ಷ’ ಆಗಿ ಉಳಿದುಬಿಟ್ಟರು.

ನನ್ನ ಪ್ರಕಾರ ಮಂಡ್ಯದ ಪ್ರಕರಣ ಇವೆರಡಕ್ಕಿಂತಲೂ ಗಂಭೀರ. ಯಾಕೆ ಅಂದರೆ ಅಲ್ಲಿ ನಟರು ಇದ್ದರು, ವೇಷ ಇತ್ತು, ಅದು ಹಾಸ್ಯ ಕಾರ್ಯಕ್ರಮ ಅಂತ ನೋಡುವವರಿಗೆ ಗೊತ್ತಿತ್ತು. ಇಲ್ಲಿ ಮುಖ ಅವರದೇ, ದನಿ ಅವರದೇ, ತೋರಿಸುತ್ತಿರುವುದು ಸುದ್ದಿ ಚಾನೆಲ್.

ಗೆರೆ ಎಲ್ಲಿ ಹೋಯಿತು

ಮೈಸೂರು ಸೀಮೆಗೆ ರಾಜಕೀಯ ನಗೆ ಹೊಸದಲ್ಲ. ನಮ್ಮ ಮೂಡಲಪಾಯ ಯಕ್ಷಗಾನದ ಕೋಡಂಗಿ ರಾಜನ ಎದುರೇ ರಾಜನನ್ನು ಆಡಿಕೊಳ್ಳುತ್ತಾನೆ. ಮೈಸೂರಿನಲ್ಲಿ ಹುಟ್ಟಿದ ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ ನಾಟಕದಲ್ಲಿ ಆಳುವವರನ್ನು ದಶಕಗಳ ಕಾಲ ಹೆಸರು ಹಿಡಿದು ಬೈದರು. ಆವತ್ತಿನ ಪೇಪರಿನ ಸುದ್ದಿ ಸಂಜೆಯ ಆಟದಲ್ಲಿ ಮಾತಾಗಿ ಬರುತ್ತಿತ್ತು. ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ 1921ರಲ್ಲಿ ಇದೇ ಊರಿನಲ್ಲಿ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿ, ಪ್ರಧಾನಿಗಳ ಮೂಗು, ತುಟಿ, ಟೋಪಿಯನ್ನೇ ಅವರ ಗುರುತಾಗಿ ಮಾಡಿದರು.

ಇವರೆಲ್ಲರ ನಗೆಗೆ ಒಂದು ಗೆರೆ ಇತ್ತು. ನಾಟಕಕ್ಕೆ ಪರದೆ ಇದೆ. ವ್ಯಂಗ್ಯಚಿತ್ರಕ್ಕೆ ನಾಲ್ಕು ಕಡೆ ಗೆರೆಯೇ ಎಳೆದಿರುತ್ತದೆ. ಒಳಗೆ ಇರುವುದು ಕಲಾವಿದನ ಮಾತು, ಹೊರಗೆ ಇರುವುದು ಸುದ್ದಿ ಅಂತ ಓದುಗನಿಗೆ ಗೊತ್ತು. ಲಕ್ಷ್ಮಣ್ ಬರೆದ ಉದ್ದ ಮೂಗನ್ನು ನೋಡಿ ಇಂದಿರಾ ಗಾಂಧಿಯವರ ಮೂಗು ನಿಜಕ್ಕೂ ಅಷ್ಟುದ್ದ ಅಂತ ಯಾರೂ ತಿಳಿಯಲಿಲ್ಲ. ಸುದ್ದಿ ಚಾನೆಲ್‌ನ ವಿಡಂಬನೆ ಈ ಗೆರೆಯನ್ನು ಅಳಿಸಿಹಾಕಿತು. ಐದು ನಿಮಿಷದ ಹಿಂದೆ ಕಾವೇರಿ ನೀರಿನ ಸುದ್ದಿ ಓದಿದ ಆಂಕರ್ ಈಗ ಅದೇ ಕುರ್ಚಿಯಲ್ಲಿ ಕೂತು ಈ ಪ್ಯಾಕೇಜಿಗೆ ಪೀಠಿಕೆ ಹಾಕುತ್ತಾರೆ. ಕೆಳಗೆ ಅದೇ ಸ್ಕ್ರೋಲ್ ಓಡುತ್ತಿರುತ್ತದೆ. ಯಾವುದು ವರದಿ, ಯಾವುದು ಆಟ ಅಂತ ಹೇಳಲು ಅಲ್ಲಿ ಏನೂ ಇಲ್ಲ.

ದೊಡ್ಡಗೌಡರ ನಿದ್ದೆ

ಈ ಕುಟುಂಬಕ್ಕೆ ಇದು ಮೊದಲ ಸಲ ಅಲ್ಲ. ದೇವೇಗೌಡರು 1996ರ ಜೂನ್ 1ರಿಂದ 1997ರ ಏಪ್ರಿಲ್ 21ರವರೆಗೆ ಪ್ರಧಾನಿಯಾಗಿದ್ದರು. ಸಭೆಗಳಲ್ಲಿ ಕಣ್ಣು ಮುಚ್ಚಿ ಕೂತ ಅವರ ದೃಶ್ಯಗಳು ಆಗಿನಿಂದ ಇವತ್ತಿನವರೆಗೂ ತಮಾಷೆಯ ವಸ್ತು. ಮಿಮಿಕ್ರಿ ಮಾಡುವವರು ಮೊದಲು ಮಾಡುವುದೇ ತಲೆ ವಾಲಿಸುವುದನ್ನು. ನಿದ್ದೆ ಮಾಡಿದ ಪ್ರಧಾನಿ. ಇದು ಒಂದು ಕಥೆ. ಇದರ ಜೊತೆಗೇ ಇನ್ನೊಂದು ಕಥೆ ಬೆಳೆಯಿತು. ಮಣ್ಣಿನ ಮಗ, ಮುದ್ದೆ ಉಣ್ಣುವ ರೈತ, ದಿಲ್ಲಿಯ ಬಣ್ಣ ಗೊತ್ತಿಲ್ಲದ ಹಳ್ಳಿಗ.

ಮಂಡ್ಯದಲ್ಲಿ ಎರಡನೇ ಕಥೆಯನ್ನು ಪ್ರೀತಿಯಿಂದ ಹೇಳುತ್ತಾರೆ. ಆದರೆ ಎರಡೂ ಸೇರಿ ಒಂದೇ ಕೆಲಸ ಮಾಡಿವೆ. ಆ ಹತ್ತು ಚಿಲ್ಲರೆ ತಿಂಗಳಲ್ಲಿ ಆದ ಕೆಲಸ ಯಾರ ನೆನಪಿಗೂ ಬರದ ಹಾಗೆ ಮಾಡಿವೆ. ಬಾಂಗ್ಲಾದೇಶದ ಜೊತೆ ಗಂಗಾ ನೀರಿನ ಮೂವತ್ತು ವರ್ಷದ ಒಪ್ಪಂದಕ್ಕೆ 1996ರ ಡಿಸೆಂಬರ್ 12ರಂದು ಸಹಿ ಹಾಕಿದ್ದು ದೇವೇಗೌಡರು ಮತ್ತು ಶೇಖ್ ಹಸೀನಾ. ನೀರಿನ ಜಗಳದಲ್ಲೇ ಬದುಕುವ ಕಾವೇರಿ ಸೀಮೆಯವರಾದ ನಮಗೆ ಇದು ಎಷ್ಟು ದೊಡ್ಡ ಕೆಲಸ ಅಂತ ಬೇರೆಯವರಿಗಿಂತ ಚೆನ್ನಾಗಿ ಗೊತ್ತಾಗಬೇಕಿತ್ತು, ಅಲ್ವಾ? ದಿಲ್ಲಿ ಮೆಟ್ರೋದ ಮೊದಲ ಹಂತಕ್ಕೆ ಒಪ್ಪಿಗೆ ಸಿಕ್ಕಿದ್ದು ಅದೇ ಸರ್ಕಾರದಲ್ಲಿ. ಅಸ್ಸಾಮಿನ ಬೋಗಿಬೀಲ್ ಸೇತುವೆಗೆ 1997ರ ಜನವರಿಯಲ್ಲಿ ಅಡಿಗಲ್ಲು ಹಾಕಿದವರೂ ಅವರೇ. ಹಳ್ಳಿಗ ಅಂತ ನಾವು ಹೇಳುವ ಮನುಷ್ಯ ಸಿವಿಲ್ ಇಂಜಿನಿಯರಿಂಗ್ ಡಿಪ್ಲೊಮಾ ಓದಿದವರು.

2018ರ ಡಿಸೆಂಬರ್ 25ರಂದು ಆ ಸೇತುವೆ ಉದ್ಘಾಟನೆಯಾಯಿತು. ನಿಮ್ಮನ್ನು ಕರೆದಿದ್ದಾರಾ ಅಂತ ಪತ್ರಕರ್ತರು ಗೌಡರನ್ನು ಕೇಳಿದರು. ‘ಅಯ್ಯೋ ರಾಮ’ ಅಂದರು ಅವರು, ನನ್ನನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ ಅಂತ ಕೇಳಿದರು. ಆ ಉತ್ತರ ಓದಿದಾಗ ನನಗೆ ಬೇಜಾರಾಯಿತು. ಅವರ ರಾಜಕೀಯವನ್ನು ಒಪ್ಪದವರಿಗೂ ಬೇಜಾರಾಗಬೇಕಾದ ಮಾತು ಅದು. ಒಬ್ಬ ಪ್ರಧಾನಿಯ ಲೆಕ್ಕ ನಿದ್ದೆ ಮತ್ತು ಮುದ್ದೆಯಲ್ಲಿ ಮುಗಿದುಹೋಗಬಾರದು. ಅವರ ತಪ್ಪುಗಳ ಬಗ್ಗೆ ಗಟ್ಟಿಯಾಗಿ ಟೀಕಿಸಬೇಕು ಅನ್ನುವವರಿಗೂ ಈ ಕಥೆಗಳು ಅಡ್ಡಿ. ನಿದ್ದೆಯ ಬಗ್ಗೆ ನಕ್ಕ ಮೇಲೆ ಕುಟುಂಬ ರಾಜಕಾರಣದ ಬಗ್ಗೆ ಕೂತು ಪ್ರಶ್ನೆ ಕೇಳುವ ತಾಳ್ಮೆ ಯಾರಿಗೂ ಉಳಿಯುವುದಿಲ್ಲ.

ಟಿವಿ ನಗೆ ಯಾವಾಗಲೂ ಕೆಡಿಸುತ್ತದೆ ಅಂತಲೂ ಇಲ್ಲ. 1995ರಲ್ಲಿ ಫ್ರಾನ್ಸಿನ ಬೊಂಬೆ ಕಾರ್ಯಕ್ರಮ ‘ಲೆ ಗಿನ್ಯೋಲ್’, ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಜಾಕ್ ಶಿರಾಕ್ ಅವರ ಬೊಂಬೆಯ ಬಾಯಲ್ಲಿ ‘ಸೇಬು ತಿನ್ನಿ’ ಅಂತ ಹೇಳಿಸಿತು. ಅವರ ಪುಸ್ತಕದ ಮುಖಪುಟದಲ್ಲಿ ಸೇಬಿನ ಮರ ಇತ್ತು, ಅದಕ್ಕೆ. ಅಣಕಿಸಲು ಹೋಗಿದ್ದು ಅವರನ್ನು ಜನರಿಗೆ ಹತ್ತಿರ ಮಾಡಿತು ಅಂತ ಅಲ್ಲಿನವರು ಇವತ್ತೂ ಚರ್ಚೆ ಮಾಡುತ್ತಾರೆ. ಶಿರಾಕ್ ಗೆದ್ದರು.

ಸೋಲಿಸಿದ್ದು ಆ ಮಾತೇ?

ಆ ಒಂದು ಮಾತಿನಿಂದ ನಿಖಿಲ್ ಸೋತರು ಅಂತ ನಮ್ಮಲ್ಲಿ ತುಂಬಾ ಜನ ಹೇಳುತ್ತಾರೆ. ಇದೂ ಒಂದು ಕಟ್ಟುಕಥೆ ಅಂತ ನನ್ನ ನಂಬಿಕೆ. ನೆಲದ ಮೇಲೆ ಏನಿತ್ತು ನೋಡಿ. ಮಂಡ್ಯದ ಗಂಡು ಅಂತ ಕರೆಸಿಕೊಂಡಿದ್ದ, ಅಲ್ಲಿಂದ ಮೂರು ಸಲ ಸಂಸದರಾಗಿದ್ದ ಅಂಬರೀಶ್ 2018ರ ನವೆಂಬರ್ 24ರಂದು ತೀರಿಕೊಂಡಿದ್ದರು. ಆ ದುಃಖ ಆರಿರಲಿಲ್ಲ. ದಶಕಗಳ ಕಾಲ ಜೆಡಿಎಸ್ ವಿರುದ್ಧ ಹೊಡೆದಾಡಿದ್ದ ಕಾಂಗ್ರೆಸ್ ಕಾರ್ಯಕರ್ತರಿಗೆ ಒಂದೇ ದಿನದಲ್ಲಿ ಅವರ ಪರ ಓಟು ಕೇಳಿ ಅಂದರೆ ಹೇಗಾಗುತ್ತದೆ? ಬಹಳಷ್ಟು ಜನ ಬಹಿರಂಗವಾಗಿಯೇ ಸುಮಲತಾ ಜೊತೆ ಓಡಾಡಿದರು. ಬಿಜೆಪಿ ಅಭ್ಯರ್ಥಿ ಹಾಕಲಿಲ್ಲ. ನಟರಾದ ದರ್ಶನ್ ಮತ್ತು ಯಶ್ ಸುಮಲತಾ ಪರವಾಗಿ ‘ಜೋಡೆತ್ತು’ ಅಂತ ಊರೂರು ಸುತ್ತಿದರು. ಆ ಲೋಕಸಭಾ ಕ್ಷೇತ್ರದ ಎಂಟೂ ವಿಧಾನಸಭಾ ಸ್ಥಾನಗಳು ಜೆಡಿಎಸ್ ಕೈಯಲ್ಲಿದ್ದವು. ಅಷ್ಟಿದ್ದೂ ಕೋಟೆ ಬಿತ್ತು. ಇದನ್ನೆಲ್ಲ ಒಂದು ವಿಡಿಯೋ ಮಾಡಿತು ಅನ್ನುವುದು ಮಂಡ್ಯದ ಮತದಾರರಿಗೆ ಮಾಡುವ ಅವಮಾನ.

ಇನ್ನೂ ಗಟ್ಟಿಯಾದ ಸಾಕ್ಷಿ 2024ರದು. ಅದೇ ಮಂಡ್ಯದಲ್ಲಿ ಕುಮಾರಸ್ವಾಮಿಯವರೇ ಎನ್‌ಡಿಎ ಅಭ್ಯರ್ಥಿಯಾಗಿ ನಿಂತರು. ಆ ಮಾತು ಊರಲ್ಲಿ ಇನ್ನೂ ಜೀವಂತವಾಗಿತ್ತು. ಅವರು ಎರಡೂ ಮುಕ್ಕಾಲು ಲಕ್ಷಕ್ಕಿಂತ ಹೆಚ್ಚು ಅಂತರದಿಂದ ಗೆದ್ದು ಕೇಂದ್ರ ಮಂತ್ರಿಯಾದರು. ‘ಎಲ್ಲಿದ್ದೀಯಪ್ಪಾ’ ಅಂತ ನಕ್ಕ ಜನರೇ ಅಪ್ಪನಿಗೆ ಓಟು ಹಾಕಿದರು. ನಗುವುದು ಬೇರೆ, ಓಟು ಹಾಕುವುದು ಬೇರೆ ಅಂತ ಜನಕ್ಕೆ ಗೊತ್ತಿದೆ. ನಿಖಿಲ್ 2023ರಲ್ಲಿ ರಾಮನಗರದಲ್ಲಿ, 2024ರ ಕೊನೆಗೆ ಚನ್ನಪಟ್ಟಣದ ಉಪಚುನಾವಣೆಯಲ್ಲಿ ಸೋತಾಗ ಮತ್ತೆ ಅದೇ ತುಣುಕು ಬಂತು. ಪ್ರತಿ ಸೋಲಿಗೂ ಕಾರಣ ಬೇರೆ ಇತ್ತು. ಆದರೆ ಕಥೆ ಹೇಳಲು ಎಲ್ಲರ ಕೈಗೂ ಸುಲಭವಾಗಿ ಸಿಕ್ಕಿದ್ದು ಅದೊಂದೇ.

ಮೈಸೂರಿನ ಆ ಸಿಟ್ಟು

2019ರ ಮೇ ತಿಂಗಳಲ್ಲಿ, ಫಲಿತಾಂಶಕ್ಕೆ ಕೆಲವೇ ದಿನ ಇರುವಾಗ, ಕುಮಾರಸ್ವಾಮಿಯವರು ಮೈಸೂರಿಗೆ ಒಂದು ಪುಸ್ತಕ ಬಿಡುಗಡೆಗೆ ಬಂದಿದ್ದರು. ಅಲ್ಲಿ ಟಿವಿ ಚಾನೆಲ್‌ಗಳ ಮೇಲೆ ಸಿಟ್ಟು ಹೊರಹಾಕಿದರು. ರಾಜಕಾರಣಿಗಳು ನಿಮ್ಮ ಕಣ್ಣಿಗೆ ಕಾರ್ಟೂನಿನ ಹಾಗೆ ಕಾಣುತ್ತಾರಾ, ಎಲ್ಲವನ್ನೂ ತಮಾಷೆ ಮಾಡಿ ತೋರಿಸುವ ಅಧಿಕಾರ ಕೊಟ್ಟವರು ಯಾರು ಅಂತ ಕೇಳಿದರು. ಇದನ್ನು ತಡೆಯಲು ಕಾನೂನು ತರುವ ಯೋಚನೆ ಇದೆ ಅಂತಲೂ ಹೇಳಿದರು. ಆ ಕಾನೂನು ಬರಲಿಲ್ಲ. ಎರಡು ತಿಂಗಳಲ್ಲಿ ಸರ್ಕಾರವೇ ಬಿತ್ತು.

ಅವರ ನೋವು ನನಗೆ ಅರ್ಥವಾಗುತ್ತದೆ. ಮಗನನ್ನು ಪ್ರೀತಿಯಿಂದ ಕರೆದ ಮಾತು ರಾಜ್ಯವೇ ನಗುವ ವಸ್ತುವಾದರೆ ಯಾವ ಅಪ್ಪನಿಗೂ ಹೊಟ್ಟೆ ಉರಿಯುತ್ತದೆ. ಆದರೆ ಕಾನೂನು ಅನ್ನುವ ದಾರಿ ತಪ್ಪು. ಇಂಥ ಕಾನೂನು ಮೊದಲು ಹೊಡೆಯುವುದು ಬಡ ಕಲಾವಿದನನ್ನು, ನಾಟಕದವನನ್ನು, ವ್ಯಂಗ್ಯಚಿತ್ರ ಬರೆಯುವವನನ್ನು. ಹಿರಣ್ಣಯ್ಯನವರ ನಾಲಿಗೆ ಕಟ್ಟುವ ಕಾನೂನು ಮೈಸೂರಿಗೆ ಬೇಕಿರಲಿಲ್ಲ, ಈಗಲೂ ಬೇಡ. ಅಲ್ಲದೆ ಇರುವ ನಿಯಮವೇ ಸಾಕಷ್ಟಿದೆ. 1995ರ ಕೇಬಲ್ ಟಿವಿ ಕಾಯ್ದೆಯ ಕೆಳಗೆ ಇರುವ ಕಾರ್ಯಕ್ರಮ ಸಂಹಿತೆ, ಸುಳ್ಳು ಸೂಚನೆಗಳನ್ನೂ ಅರ್ಧ ಸತ್ಯವನ್ನೂ ಪ್ರಸಾರ ಮಾಡಬಾರದು ಅಂತ ಮೊದಲೇ ಹೇಳುತ್ತದೆ. ಅದರಿಂದ ಈ ಪ್ರಕರಣದಲ್ಲಿ ಏನೂ ಆಗಲಿಲ್ಲ. ಆಗುವುದೂ ಕಷ್ಟ. ತೋರಿಸಿದ ಒಂದೊಂದು ಫ್ರೇಮೂ ನಿಜ. ಅವರು ಹೇಳಿದ್ದು ನಿಜ. ಸುಳ್ಳು ಇರುವುದು ತೋರಿಸದೆ ಬಿಟ್ಟ ಜಾಗದಲ್ಲಿ.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಚಾನೆಲ್‌ಗಳಲ್ಲಿ ಹಳೇ ದೃಶ್ಯ ಹಾಕುವಾಗ ಮೂಲೆಯಲ್ಲಿ ‘ಫೈಲ್ ವಿಡಿಯೋ’ ಅಂತ ಬರೆಯುವ ರೂಢಿ ಇದೆ. ಅಪಘಾತದ ಸುದ್ದಿಗೆ ಬರೆಯುತ್ತಾರೆ, ಮಳೆಯ ಸುದ್ದಿಗೆ ಬರೆಯುತ್ತಾರೆ. ವಿಡಂಬನೆ ಪ್ಯಾಕೇಜಿಗೆ ಬಂದಾಗ ಮಾತ್ರ ಬಿಟ್ಟುಬಿಡುತ್ತಾರೆ. ಅಲ್ಲೂ ಬರೆಯಲಿ. ಜೊತೆಗೆ ವರ್ಷ, ಜಾಗ ಹಾಕಲಿ. ‘2016, ಸಿನಿಮಾ ಸಮಾರಂಭ’ ಅನ್ನುವ ಮೂರು ಪದಕ್ಕೆ ಪರದೆಯಲ್ಲಿ ಎಷ್ಟು ಜಾಗ ಬೇಕು? ನಗುವವರು ನಗಲಿ. ಯಾವುದಕ್ಕೆ ನಗುತ್ತಿದ್ದೇವೆ ಅಂತ ಗೊತ್ತಿದ್ದು ನಗಲಿ.

ತರಗತಿಯಲ್ಲಿ ಈ ಪ್ರಕರಣ ಪಾಠ ಮಾಡುವಾಗ ಮೂಲ ವಿಡಿಯೋವನ್ನು ಪೂರ್ತಿ ತೋರಿಸುತ್ತೇನೆ. ಮಗನ ಉತ್ತರವೂ ಬರುತ್ತದೆ, ಅಭಿಮಾನಿಗಳ ಕೂಗೂ ಕೇಳುತ್ತದೆ. ಕೋಣೆ ಸ್ವಲ್ಪ ಹೊತ್ತು ಗಲಿಬಿಲಿಗೊಳ್ಳುತ್ತದೆ. ಒಮ್ಮೆ ಪಾಂಡವಪುರ ಕಡೆಯ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: “ಸರ್, ಇದನ್ನ ನೋಡಿದ್ಮೇಲೂ ಆ ಚಿಕ್ಕ ಕ್ಲಿಪ್ ನೋಡಿದ್ರೆ ನಂಗೆ ನಗು ಬರುತ್ತೆ. ತಪ್ಪಾ?” ತಪ್ಪಿಲ್ಲಮ್ಮ ಅಂದೆ. ಆ ವಾರದ ಅಭ್ಯಾಸಕ್ಕೆ ಅವಳು ಅದೇ ಚುನಾವಣೆಯ ಮೇಲೆ ಒಂದು ಹಾಸ್ಯ ಪ್ಯಾಕೇಜ್ ಬರೆದು ತಂದಳು. ಜೋಡೆತ್ತು, ಸುಮಲತಾ ಅವರ ಚುನಾವಣಾ ಚಿಹ್ನೆಯ ಕಹಳೆ, ಕಣ್ಣೀರು, ಯಾವ ಪಕ್ಷವನ್ನೂ ಬಿಟ್ಟಿರಲಿಲ್ಲ. ಓದುತ್ತಾ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಸ್ಕ್ರಿಪ್ಟಿನಲ್ಲಿ ಪ್ರತಿ ದೃಶ್ಯದ ಎದುರು ದಿನಾಂಕ ಮತ್ತು ಊರಿನ ಹೆಸರು ಬರೆದಿದ್ದಳು.